ಗುಂಡು ಹಾರಿಸಿ ಓಡಿಹೋಗುವ ಗಾಡಿ: ಮಾರ್ಟರ್ ವಾಹನದ ವಿಡಿಯೊಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಸೇನೆಯ ವಾಹನವೊಂದು ಬಯಲಿನಲ್ಲಿ ಬಂದು ಗಕ್ಕನೆ ನಿಲ್ಲುತ್ತದೆ. ಅದರ ಮೇಲಿನ ಗಿಡ್ಡ ಕೊಳವೆ ಆಕಾಶಕ್ಕೆ ಮುಖ ಎತ್ತಿ ಢಂ ಢಂ ಅಂತ ನಾಲ್ಕೈದು ಸಲ ಶೆಲ್ ಉಗುಳುತ್ತದೆ. ಹೊಗೆ ಆರುವ ಮೊದಲೇ ವಾಹನ ಅಲ್ಲಿಂದ ಓಟ ಕೀಳುತ್ತದೆ. ಕೆಳಗೆ ಒಂದು ಸಾಲು: ‘ಭಾರತದ ಹೊಸ ಅಸ್ತ್ರ, ಶತ್ರುಗಳಿಗೆ ನಡುಕ, ಎಲ್ಲರಿಗೂ ಶೇರ್ ಮಾಡಿ.’

ಗುಂಜಹಳ್ಳಿಯಿಂದ ಹಿಡಿದು ಮಾನ್ವಿ, ದೇವದುರ್ಗದವರೆಗೆ ಯಾವ ಊರಿನ ವಾಟ್ಸಾಪ್ ಗ್ರೂಪಿಗೂ ಇಂಥ ವಿಡಿಯೊ ಹೊಸದಲ್ಲ. ಗಡಿಯಲ್ಲಿ ಸ್ವಲ್ಪ ಬಿಸಿ ಏರಿದರೆ ಸಾಕು, ಹಳೆಯವೆಲ್ಲ ಮತ್ತೆ ಎದ್ದು ಬರುತ್ತವೆ. ಕೆಳಗಿನ ಕಾಮೆಂಟುಗಳಲ್ಲಿ ಒಂದು ಪ್ರಶ್ನೆ ಮಾತ್ರ ತಪ್ಪುವುದಿಲ್ಲ: ‘ಇಷ್ಟು ದೊಡ್ಡ ಅಸ್ತ್ರ ಇಟ್ಟುಕೊಂಡು ಓಡಿ ಹೋಗೋದ್ಯಾಕೆ? ಹೆದರಿಕೆನಾ?’

ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಇಡೀ ಯಂತ್ರ ಅರ್ಥವಾಗುತ್ತದೆ. ವಿಡಿಯೊ ಅಸಲಿಯೋ ನಕಲಿಯೋ ಎಂದು ಹಿಡಿಯುವುದಕ್ಕೂ ಅದೇ ದಾರಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು, ಮಾರ್ಟರ್ ಅಂದರೆ ಏನು?

ನಮ್ಮ ಅಡುಗೆಮನೆಯ ಒರಳಿಗೆ ಇಂಗ್ಲಿಷಿನಲ್ಲಿ ಮಾರ್ಟರ್ ಅನ್ನುತ್ತಾರೆ. ಮೊದಮೊದಲಿನ ಈ ತೋಪುಗಳು ಗಿಡ್ಡವಾಗಿ, ದಪ್ಪ ಗೋಡೆಯ ಒರಳಿನಂತೆಯೇ ಇದ್ದವು. ಹೆಸರು ಅಲ್ಲಿಂದ ಬಂತು. (ಗೋಡೆ ಕಟ್ಟುವ ಗಾರೆಗೂ ಇದೇ ಹೆಸರಿದೆ. ಗೂಗಲ್ ಅನುವಾದದಲ್ಲಿ ‘ಗಾರೆ ದಾಳಿ’ ಅಂತ ಬಂದರೆ ಬೆಚ್ಚಬೇಡಿ.)

ಕೋವಿ, ಟ್ಯಾಂಕು ಇವೆಲ್ಲ ಕಣ್ಣಿಗೆ ಕಾಣುವ ಗುರಿಗೆ ನೇರವಾಗಿ ಹೊಡೆಯುತ್ತವೆ. ಮಾರ್ಟರ್ ಹಾಗಲ್ಲ. ಅದು ಶೆಲ್ಲನ್ನು ಮೇಲಕ್ಕೆ ಎಸೆಯುತ್ತದೆ, ಅದು ಕಮಾನಿನಂತೆ ಏರಿ, ಆಚೆ ಬದಿಗೆ ಬೀಳುತ್ತದೆ. ಕಾಂಪೌಂಡ್ ಗೋಡೆಯ ಆಚೆ ನಿಂತವನಿಗೆ ಚೆಂಡು ಕೊಡಬೇಕಾದರೆ ನೀವು ಗೋಡೆಗೆ ಹೊಡೆಯುವುದಿಲ್ಲ, ಗೋಡೆ ದಾಟುವಂತೆ ಮೇಲಕ್ಕೆ ಎಸೆಯುತ್ತೀರಿ. ಅಷ್ಟೇ. ಗುಡ್ಡದ ಹಿಂದೆ, ಕಂದಕದ ಒಳಗೆ, ಗೋಡೆಯ ಮರೆಯಲ್ಲಿ ಇರುವವರ ಮೇಲೆ ಶೆಲ್ ಬೀಳಿಸಲು ಇದು ಸುಲಭದ, ಅಗ್ಗದ ದಾರಿ.

ಇವತ್ತಿನ ಮಾರ್ಟರಿನ ಮೂಲ ರೂಪ ಕೊಟ್ಟವರು ವಿಲ್ಫ್ರೆಡ್ ಸ್ಟೋಕ್ಸ್ ಎಂಬ ಇಂಗ್ಲೆಂಡಿನ ಎಂಜಿನಿಯರ್. ಅವರ ಕಂಪನಿ ಮಾಡುತ್ತಿದ್ದದ್ದು ಕ್ರೇನುಗಳನ್ನು. 1915ರಲ್ಲಿ, ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರು ಸಿಕ್ಕಿಬಿದ್ದಿದ್ದಾಗ, ಅವರು ಮಾಡಿದ ಯಂತ್ರದಲ್ಲಿ ಮುಖ್ಯವಾಗಿ ಮೂರೇ ಭಾಗ: ಒಂದು ಕೊಳವೆ, ಅದರ ಬುಡಕ್ಕೆ ಒಂದು ಕಬ್ಬಿಣದ ತಟ್ಟೆ, ಮುಂದೆ ಎರಡು ಕಾಲಿನ ಆಸರೆ. ಶೆಲ್ಲನ್ನು ಕೊಳವೆಯ ಬಾಯಿಂದ ಒಳಗೆ ಬಿಟ್ಟರೆ ಅದು ಜಾರಿ ಹೋಗಿ ತಳದಲ್ಲಿರುವ ಮೊಳೆಗೆ ಬಡಿಯುತ್ತದೆ, ಮದ್ದು ಹೊತ್ತಿಕೊಂಡು ಬಂದ ದಾರಿಯಲ್ಲೇ ಹೊರಗೆ ಹಾರುತ್ತದೆ. ನೂರು ವರ್ಷ ದಾಟಿದರೂ ಕಾಲಾಳು ಪಡೆಯ ಮಾರ್ಟರ್ ಹೆಚ್ಚು ಬದಲಾಗಿಲ್ಲ. ಭಾರತೀಯ ಸೇನೆಯ 81 ಮಿ.ಮೀ. ಮಾರ್ಟರನ್ನು ಬಿಚ್ಚಿ, ಭಾಗಗಳನ್ನು ಸೈನಿಕರು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತುತ್ತಾರೆ.

ಹೆಗಲ ಮೇಲೆ ಹೊರಬಹುದಾದರೆ ಗಾಡಿ ಯಾಕೆ ಬೇಕು?

ತೂಕದ ಕತೆ ರಾಯಚೂರಿಗೆ ಹಳೆಯದು

ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ ಒಂದು ಕಲ್ಲು ಇದೆ. ಉದ್ದ 41 ಅಡಿಗೂ ಹೆಚ್ಚು. ಅಷ್ಟು ದೊಡ್ಡ ಬಂಡೆಯನ್ನು ಗಾಡಿಯ ಮೇಲೆ ಹೇರಿ ಎಳೆದು ತಂದದ್ದನ್ನು ಅಲ್ಲೇ ಚಿತ್ರವಾಗಿ ಕೆತ್ತಿದ್ದಾರೆ. ಭಾರದ ವಸ್ತುವನ್ನು ಜಾಗದಿಂದ ಜಾಗಕ್ಕೆ ಸಾಗಿಸುವುದು ಎಷ್ಟು ದೊಡ್ಡ ಕೆಲಸವಾಗಿತ್ತು ಅನ್ನುವುದಕ್ಕೆ ಅದೊಂದು ಸಾಕ್ಷಿ.

ಮುಂದೆ 1520ರಲ್ಲಿ ಇದೇ ರಾಯಚೂರಿಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾಯಿತು. ದಕ್ಷಿಣ ಭಾರತದಲ್ಲಿ ತೋಪುಗಳು ದೊಡ್ಡ ಪ್ರಮಾಣದಲ್ಲಿ ಬಳಕೆಯಾದ ಮೊದಮೊದಲ ಯುದ್ಧಗಳಲ್ಲಿ ಇದೂ ಒಂದು. ತೋಪುಗಳ ಬಲ ಹೆಚ್ಚಿದ್ದದ್ದು ಆದಿಲ್ ಶಾಹನ ಕಡೆ. ಆದರೂ ಸೋತವನು ಅವನೇ. ಸೋತು ಕೃಷ್ಣಾ ನದಿ ದಾಟಿ ಓಡುವಾಗ 400 ದೊಡ್ಡ ತೋಪುಗಳು, 900 ತೋಪುಗಾಡಿಗಳು ವಿಜಯನಗರದ ಕೈಸೇರಿದವು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಆ ಕಾಲದ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಆದರೆ ಕುದುರೆ ಓಡುತ್ತದೆ, ಎತ್ತಿನ ಗಾಡಿ ಮೇಲಿನ ತೋಪು ಓಡುವುದಿಲ್ಲ ಎಂಬುದು ಮಾತ್ರ ಆಗಲೂ ನಿಜ, ಈಗಲೂ ನಿಜ.

ಮಾರ್ಟರುಗಳಲ್ಲೂ ದೊಡ್ಡವು ಇದ್ದವು. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಪೀಟರ್ಸ್‌ಬರ್ಗ್ ಎಂಬ ಊರಿನ ಮುತ್ತಿಗೆಗೆ ‘ಡಿಕ್ಟೇಟರ್’ ಎಂಬ 13 ಇಂಚಿನ ಮಾರ್ಟರನ್ನು ರೈಲು ಬೋಗಿಯ ಮೇಲೆ ಕೂರಿಸಿದ್ದರು. ತೂಕ ಏಳು ಟನ್ನಿಗೂ ಹೆಚ್ಚು. ಹಳಿ ಇದ್ದಲ್ಲಿ ಮಾತ್ರ ಅದರ ಆಟ.

ಎರಡನೇ ಮಹಾಯುದ್ಧದ ಹೊತ್ತಿಗೆ ಮಾರ್ಟರ್ ಮೋಟಾರು ವಾಹನ ಹತ್ತಿತು. ಆದರೆ ಮೊದಲಿಗೆ ವಾಹನದ್ದು ಹಮಾಲಿ ಕೆಲಸ ಅಷ್ಟೇ. ಅಮೆರಿಕದ ಎಂ-4 ಎಂಬ ವಾಹನದಲ್ಲಿ 81 ಮಿ.ಮೀ. ಮಾರ್ಟರ್ ಇತ್ತು. ಅದನ್ನು ಕೆಳಗಿಳಿಸಿ ನೆಲದ ಮೇಲಿಟ್ಟು ಹೊಡೆಯಬೇಕು, ವಾಹನದ ಮೇಲಿಂದ ಹೊಡೆಯುವುದು ತೀರ ತುರ್ತಿದ್ದರೆ ಮಾತ್ರ ಎಂಬುದು ಅದರ ಲೆಕ್ಕಾಚಾರವಾಗಿತ್ತು.

ಯಾಕೆಂದರೆ ಒದೆತ. ಶೆಲ್ ಮೇಲಕ್ಕೆ ಹೋದಷ್ಟೇ ಜೋರಾಗಿ ಕೊಳವೆ ಕೆಳಕ್ಕೆ ಒದೆಯುತ್ತದೆ. ನೆಲದ ಮೇಲಿದ್ದರೆ ಬುಡದ ತಟ್ಟೆ ಆ ಒದೆತವನ್ನು ಭೂಮಿಗೆ ದಾಟಿಸುತ್ತದೆ. ನಮ್ಮ ರಾಯಚೂರು ಕಡೆಯ ಎರೆಭೂಮಿ ಮಳೆಗೆ ನೆನೆದಾಗ ಹೇಗಿರುತ್ತದೆ ಅಂತ ಹೊಲದಲ್ಲಿ ಟ್ರ್ಯಾಕ್ಟರ್ ಹೂತುಕೊಂಡವರಿಗೆ ಹೇಳಬೇಕಿಲ್ಲ. ಅಂಥ ನೆಲದಲ್ಲಿ ನಾಲ್ಕಾರು ಗುಂಡು ಹಾರಿಸಿದರೆ ತಟ್ಟೆ ಕೆಸರೊಳಗೆ ಇಳಿದು ಕೂರುತ್ತದೆ. ಮತ್ತೆ ಅಗೆದು, ಎಬ್ಬಿಸಿ, ಬಿಚ್ಚಿ ಹೊತ್ತೊಯ್ಯಬೇಕು. ವಾಹನದ ಮೇಲಿದ್ದರೆ ಆ ಒದೆತವೆಲ್ಲ ಚಾಸಿಗೆ ಬೀಳುತ್ತದೆ. ಅದಕ್ಕೆ ಈಗಿನವುಗಳಲ್ಲಿ ಮೂರು ಬಗೆಯ ಉಪಾಯ ಕಾಣುತ್ತೇವೆ. ಟ್ಯಾಂಕಿನಂಥ ಗಟ್ಟಿ ವಾಹನದ ತಳಕ್ಕೇ ಮಾರ್ಟರ್ ಕೂರಿಸುವುದು; ಬೈಕಿನ ಶಾಕ್ ಅಬ್ಸಾರ್ಬರ್ ತರಹ ಒದೆತವನ್ನು ನುಂಗುವ ವ್ಯವಸ್ಥೆ ಇಡುವುದು, ಇಸ್ರೇಲಿನ ಕಾರ್ಡಮ್ ಮಾರ್ಟರ್ ಹೀಗೆ; ಇಲ್ಲವೇ ಹಗುರ ವಾಹನದ ಹಿಂಭಾಗದಿಂದ ಮಾರ್ಟರನ್ನು ಯಂತ್ರವೇ ನೆಲಕ್ಕಿಳಿಸಿ, ಹೊಡೆದ ಮೇಲೆ ಮತ್ತೆ ಎತ್ತಿಕೊಳ್ಳುವುದು.

ಹಾಗಾದರೆ ಓಡುವುದು ಯಾಕೆ?

ಒಂದು ಚಿಕ್ಕ ಲೆಕ್ಕ ಮಾಡೋಣ. ಪಿಯುಸಿ ಭೌತಶಾಸ್ತ್ರ ಸಾಕು. ಶೆಲ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟಿತು ಅಂದುಕೊಳ್ಳಿ, ಗಾಳಿಯ ತಡೆಯನ್ನು ಸದ್ಯಕ್ಕೆ ಬಿಡಿ. ಕೊಳವೆಯನ್ನು 45 ಡಿಗ್ರಿಗೆ ಇಟ್ಟರೆ ಶೆಲ್ ಸುಮಾರು 4 ಕಿ.ಮೀ. ದೂರ ಹೋಗುತ್ತದೆ, ಒಂದು ಕಿ.ಮೀ. ಎತ್ತರಕ್ಕೆ ಏರುತ್ತದೆ, ಬೀಳಲು 29 ಸೆಕೆಂಡು ಬೇಕು. ಅದೇ ಕೊಳವೆಯನ್ನು 75 ಡಿಗ್ರಿಗೆ ನೆಟ್ಟಗೆ ಮಾಡಿದರೆ ದೂರ ಅರ್ಧಕ್ಕೆ, ಅಂದರೆ ಸುಮಾರು 2 ಕಿ.ಮೀ.ಗೆ ಇಳಿಯುತ್ತದೆ. ಆದರೆ ಎತ್ತರ ಹೆಚ್ಚುಕಮ್ಮಿ 1.9 ಕಿ.ಮೀ., ಗಾಳಿಯಲ್ಲಿರುವ ಸಮಯ 39 ಸೆಕೆಂಡು. ಗುಂಜಹಳ್ಳಿಯ ಊರಂಚಿನಿಂದ ಹಾರಿಸಿದರೆ ಎರಡು ಕಿ.ಮೀ. ಆಚೆಯ ಹೊಲಕ್ಕೆ ಬೀಳುವ ಮೊದಲು ಆ ಶೆಲ್ ಮುಕ್ಕಾಲು ನಿಮಿಷದ ಹತ್ತಿರ ಬಾನಲ್ಲೇ ಇರುತ್ತದೆ.

ಮಾರ್ಟರಿನ ದೊಡ್ಡ ದೌರ್ಬಲ್ಯ ಇದೇ. ಶೆಲ್ ನಿಧಾನ, ದಾರಿ ಎತ್ತರ. ಎದುರಾಳಿಯ ಹತ್ತಿರ ಸರಿಯಾದ ರಾಡಾರ್ ಇದ್ದರೆ, ಏರುತ್ತಿರುವ ಶೆಲ್ಲನ್ನು ಕೆಲವೇ ಸೆಕೆಂಡು ನೋಡಿ, ಅದು ಸಾಗಿದ ದಾರಿಯಲ್ಲಿ ಕೆಲವು ಬಿಂದು ಹಿಡಿಯುತ್ತದೆ. ಆಮೇಲೆ ಕಂಪ್ಯೂಟರ್ ಆ ಕಮಾನನ್ನು ಹಿಂದಕ್ಕೆ ಎಳೆದು, ನೆಲಕ್ಕೆ ಎಲ್ಲಿ ತಾಗುತ್ತದೆ ನೋಡುತ್ತದೆ. ಕವಣೆ ಕಲ್ಲು ಬಂದ ದಿಕ್ಕು ನೋಡಿಯೇ ಜೋಳದ ಹೊಲದ ಯಾವ ಮಂಚಿಕೆಯಿಂದ ಬಂತು ಅಂತ ಹೇಳುವ ಹಾಗೆ. ಅಂದರೆ ಮೊದಲ ಶೆಲ್ ಇನ್ನೂ ಗಾಳಿಯಲ್ಲಿ ಇರುವಾಗಲೇ, ಅದನ್ನು ಹಾರಿಸಿದವರ ಜಾಗ ಎದುರಾಳಿಯ ನಕಾಶೆಯ ಮೇಲೆ ಬಿದ್ದಿರುತ್ತದೆ. ಆ ಜಾಗಕ್ಕೆ ಉತ್ತರವಾಗಿ ಶೆಲ್ ಹೊರಡುವುದು ತಡವಾಗುವುದಿಲ್ಲ.

ನೆಲದಲ್ಲಿ ಹೂತ ಮಾರ್ಟರಿನ ತಂಡ ಎಷ್ಟೇ ಪಳಗಿದ್ದರೂ ಬಿಚ್ಚಿ ಹೊರಡಲು ನಿಮಿಷಗಳು ಬೇಕು. ವಾಹನದ ಮೇಲಿನದು ಕೊನೆಯ ಗುಂಡು ಹೊರಬಿದ್ದ ತಕ್ಷಣ ಗೇರ್ ಹಾಕಿ ಹೊರಡಬಹುದು. ವಿಡಿಯೊದಲ್ಲಿ ಕಾಣುವ ಓಟ ಹೆದರಿಕೆಯದಲ್ಲ, ಲೆಕ್ಕದ್ದು. ವಾಹನದ ಉಕ್ಕಿನ ಕವಚ ಸಣ್ಣಪುಟ್ಟ ಚೂರುಗಳನ್ನು ತಡೆದೀತು, ನೇರವಾಗಿ ಮೇಲೆ ಬಿದ್ದ ಶೆಲ್ಲನ್ನು ತಡೆಯುವುದು ಕಷ್ಟ. ಅದರ ನಿಜವಾದ ರಕ್ಷಣೆ ‘ಆಗಲೇ ಅಲ್ಲಿಂದ ಹೋಗಿರುವುದು’.

ಇಂಥ ರಾಡಾರ್ ನಮ್ಮ ಕರ್ನಾಟಕದಲ್ಲೇ ತಯಾರಾಗುತ್ತದೆ ಎಂಬುದು ಫಾರ್ವರ್ಡ್‌ಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹೆಸರು ‘ಸ್ವಾತಿ’. ರೂಪಿಸಿದ್ದು ಬೆಂಗಳೂರಿನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇ, ತಯಾರಿಸುವುದು ಬೆಂಗಳೂರಿನ ಬಿಇಎಲ್. 1999ರ ಕಾರ್ಗಿಲ್ ಯುದ್ಧದಲ್ಲಿ ಎದುರಾಳಿ ಫಿರಂಗಿಗಳ ಜಾಗ ಹುಡುಕುವ ಒಳ್ಳೆಯ ರಾಡಾರ್ ಇಲ್ಲದ ಕೊರತೆಯನ್ನು ನಮ್ಮ ಸೇನೆ ಚೆನ್ನಾಗಿ ಅನುಭವಿಸಿತ್ತು. 2017ರ ಮಾರ್ಚಿನಲ್ಲಿ ಸ್ವಾತಿಯನ್ನು ಸೇನೆಗೆ ಒಪ್ಪಿಸಲಾಯಿತು. 81 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಮಾರ್ಟರ್ ಶೆಲ್ಲುಗಳನ್ನು 20 ಕಿ.ಮೀ.ವರೆಗೆ, ಫಿರಂಗಿ ಶೆಲ್ಲುಗಳನ್ನು 30 ಕಿ.ಮೀ.ವರೆಗೆ ಗುರುತಿಸುತ್ತದೆ. 2020ರಲ್ಲಿ ಅರ್ಮೇನಿಯಾ ಇದನ್ನು ನಮ್ಮಿಂದ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅಂದ ಹಾಗೆ ಸ್ವಾತಿಯೂ ಲಾರಿಯ ಮೇಲೇ ಇರುತ್ತದೆ. ರಾಡಾರ್ ಕೂಡ ತರಂಗ ಬಿಟ್ಟು ತನ್ನ ಜಾಗವನ್ನು ತಾನೇ ಹೇಳಿಕೊಳ್ಳುತ್ತದಲ್ಲ, ಅದೂ ಓಡಲೇಬೇಕು.

ಭಾರತದ ಹತ್ತಿರ ಇಂಥ ವಾಹನ ಇದೆಯೇ?

ಇದೆ, ಆದರೆ ವಿಡಿಯೊದಲ್ಲಿ ತೋರಿಸುವಷ್ಟು ಝಗಮಗ ಅಲ್ಲ. ಹೈದರಾಬಾದ್ ಹತ್ತಿರದ ಮೇದಕ್ ಕಾರ್ಖಾನೆಯಲ್ಲಿ ಬಿಎಂಪಿ-2 ‘ಸಾರಥ್’ ಎಂಬ ಸರಪಳಿ ಚಕ್ರದ ವಾಹನ ತಯಾರಾಗುತ್ತದೆ. ಅದನ್ನೇ ಬದಲಾಯಿಸಿ, ಸೈನಿಕರು ಕೂರುವ ಜಾಗದಲ್ಲಿ 81 ಮಿ.ಮೀ. ಮಾರ್ಟರ್ ಕೂರಿಸಿದ ವಾಹನವನ್ನು ‘ಕ್ಯಾರಿಯರ್ ಮಾರ್ಟರ್ ಟ್ರ್ಯಾಕ್ಡ್’ ಅನ್ನುತ್ತಾರೆ. ಮಾರ್ಟರನ್ನು ಕೆಳಗಿಳಿಸದೆ ವಾಹನದೊಳಗಿಂದಲೇ ಹಾರಿಸಬಹುದು. 108 ಶೆಲ್ ಒಳಗೇ ಇಟ್ಟುಕೊಳ್ಳುತ್ತದೆ.

ಎರಡು ಕೊಳವೆಗಳ, ಮುಚ್ಚಿದ ಗೋಪುರದ ಮಾರ್ಟರ್ ಕಂಡರೆ ಅದು ಬಹುತೇಕ ಫಿನ್‌ಲ್ಯಾಂಡ್ ಮತ್ತು ಸ್ವೀಡನ್ ಸೇರಿ ಮಾಡಿದ 120 ಮಿ.ಮೀ. ‘ಅಮೋಸ್’. ಒಂಟಿ ಕೊಳವೆಯ ಗೋಪುರವಾದರೆ ಫಿನ್‌ಲ್ಯಾಂಡಿನ ‘ನೆಮೊ’ ಅಥವಾ ಪೋಲೆಂಡಿನ ‘ರಾಕ್’ ಇರಬಹುದು. ಎಂಟು ಗಾಲಿಯ, ಮೇಲ್ಭಾಗ ಬಾಗಿಲು ತೆರೆದ ಅಮೆರಿಕದ ಸ್ಟ್ರೈಕರ್ ಇನ್ನೊಂದು. ರಷ್ಯಾದ ‘ತ್ಯುಲ್ಪಾನ್’ 240 ಮಿ.ಮೀ.ನದು, ಇವುಗಳಲ್ಲಿ ದೈತ್ಯ. ಇವುಗಳಲ್ಲಿ ಒಂದೂ ಭಾರತೀಯ ಸೇನೆಯದಲ್ಲ. ಮೇಲೆ ತ್ರಿವರ್ಣದ ಸ್ಟಿಕ್ಕರ್ ಅಂಟಿಸಿ ಹಿನ್ನೆಲೆಗೆ ದೇಶಭಕ್ತಿ ಹಾಡು ಹಾಕಿದ ಮಾತ್ರಕ್ಕೆ ಆಗುವುದೂ ಇಲ್ಲ.

ಅಮೋಸ್‌ನಂಥವುಗಳ ಒಂದು ಚಮತ್ಕಾರವನ್ನು ಮಾತ್ರ ಹೇಳಲೇಬೇಕು. ಫಾರ್ವರ್ಡ್‌ನವರು ‘ಒಂದೇ ಸಲಕ್ಕೆ ಹಲವು ಶೆಲ್ ಒಟ್ಟಿಗೆ ಬೀಳುತ್ತವೆ’ ಅಂದಾಗ ನಾವು ಮೊದಲು ನಕ್ಕಿದ್ದೆವು. ಅದು ನಿಜವೇ. ಮೊದಲ ಶೆಲ್ಲನ್ನು ತುಂಬ ನೆಟ್ಟಗೆ ಹಾರಿಸಿದರೆ ಅದು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಮುಂದಿನದನ್ನು ಮದ್ದು ಕಡಿಮೆ ಮಾಡಿ, ಕೋನ ಸ್ವಲ್ಪ ಇಳಿಸಿ ಹಾರಿಸಿದರೆ ಅದೇ ಜಾಗಕ್ಕೆ ಬೇಗ ತಲುಪುತ್ತದೆ. ಕಂಪ್ಯೂಟರ್ ಈ ಲೆಕ್ಕ ಹಿಡಿದರೆ, ಒಂದೇ ವಾಹನ ಬೇರೆ ಬೇರೆ ಹೊತ್ತಿನಲ್ಲಿ ಹಾರಿಸಿದ ಶೆಲ್ಲುಗಳು ಒಂದೇ ಗಳಿಗೆಯಲ್ಲಿ ಬಂದು ಬೀಳುತ್ತವೆ. ಕೆಳಗಿದ್ದವರಿಗೆ ಅಡಗಿಕೊಳ್ಳಲು ಸಮಯವಿರುವುದಿಲ್ಲ.

ಇನ್ನು ಲಾರಿ ಮೇಲೆ ಕೊಳವೆ ಕಂಡರೆಲ್ಲ ಮಾರ್ಟರ್ ಅಲ್ಲ. ಕೊಳವೆ ಬಹಳ ಉದ್ದವಿದ್ದು ತುದಿಯಲ್ಲಿ ರಂಧ್ರಗಳ ಗಂಟು ಇದ್ದರೆ ಅದು ಹೊವಿಟ್ಜರ್ ಫಿರಂಗಿ. ನಮ್ಮ ಕೆ-9 ವಜ್ರ ಅಂಥದ್ದು, 155 ಮಿ.ಮೀ. ಕೊಳವೆಗಳ ಕಟ್ಟೇ ಇದ್ದು, ಬಾಲದಿಂದ ಬೆಂಕಿ ಉಗುಳುತ್ತ ಹಾರಿದರೆ ಅದು ಪಿನಾಕದಂಥ ರಾಕೆಟ್.

ರಾಡಾರ್ ಬೇಡ, ಫೋನೇ ಸಾಕು

ಈ ಲೇಖನ ಬರೆಯಲು ಕಾರಣವಾದ ಮಾತು ಇಲ್ಲಿದೆ. ಜಾಗ ಗೊತ್ತಾಗದಿರುವುದೇ ಇಂಥ ವಾಹನದ ರಕ್ಷಣೆ ಅಂದಮೇಲೆ, ಜಾಗ ಹೇಳಿಕೊಡುವ ಪ್ರತಿಯೊಂದೂ ಎದುರಾಳಿಗೆ ರಾಡಾರ್ ಇದ್ದ ಹಾಗೆ.

ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿ ರಾಯಚೂರು ಹಳೆಯ ನಿಲ್ದಾಣ. ತಾಡಪಾಲು ಹೊದೆಸಿದ ಸೇನಾ ವಾಹನಗಳ ಗೂಡ್ಸ್ ರೈಲು ಇಂಥ ಕಡೆ ಕಂಡರೆ ಹುಡುಗರು ಫೋನ್ ತೆಗೆಯುವುದು ಸಹಜ, ಹೆಮ್ಮೆಯಿಂದಲೇ ತೆಗೆಯುತ್ತಾರೆ. ವಿಡಿಯೊದಲ್ಲಿ ನಿಲ್ದಾಣದ ಹಳದಿ ಫಲಕ ಇರುತ್ತದೆ. ಎಷ್ಟು ಬೋಗಿ, ಯಾವ ದಿಕ್ಕು, ಎಷ್ಟು ಗಂಟೆ ಎಲ್ಲವೂ ಇರುತ್ತದೆ. ಲೊಕೇಷನ್ ಆಫ್ ಮಾಡಿದ್ದೇವೆ ಅನ್ನುವವರಿಗೆ ಒಂದು ಮಾತು: ವಾಟ್ಸಾಪ್ ಸಾಮಾನ್ಯ ಫೋಟೊದಿಂದ ಜಾಗದ ಮಾಹಿತಿ ತೆಗೆದುಹಾಕುತ್ತದೆ, ಆದರೆ ಅದೇ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದು ಹಾಗೇ ಉಳಿಯುತ್ತದೆ. ಫಲಕ, ಗುಡ್ಡ, ನೀರಿನ ಟ್ಯಾಂಕು ಕಂಡರೆ ಅದೂ ಬೇಕಾಗಿಲ್ಲ. 2025ರ ಏಪ್ರಿಲ್ 26ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸೇನಾ ಕಾರ್ಯಾಚರಣೆ, ಪಡೆಗಳ ಚಲನವಲನಗಳನ್ನು ನೇರವಾಗಿ ತೋರಿಸಬೇಡಿ ಎಂದು ಹೇಳಿದ್ದು ಟಿವಿಯವರಿಗೆ ಮಾತ್ರವಲ್ಲ, ಸಾಮಾಜಿಕ ಜಾಲತಾಣ ಬಳಸುವವರಿಗೂ.

ಅದಾಗಿ ಹತ್ತು–ಹದಿನೈದು ದಿನದಲ್ಲಿ, ಆ ಮೇ ತಿಂಗಳಲ್ಲಿ, ಗಡಿಯಾಚೆಯಿಂದ ಬಂದ ಶೆಲ್ಲುಗಳಿಗೆ ಜಮ್ಮು–ಕಾಶ್ಮೀರದ ಪೂಂಛ್‌ನಲ್ಲಿ ಮನೆಗಳು ಒಡೆದವು, ಮಕ್ಕಳೂ ಸೇರಿ ಹಲವು ನಾಗರಿಕರು ಸತ್ತರು. ಗುಂಡಿನ ಸದ್ದು ನಿಂತ ಮೇಲೂ ಸಿಡಿಯದೆ ಉಳಿದ ಶೆಲ್ಲುಗಳನ್ನು ಹುಡುಕಿ ನಾಶ ಮಾಡುವ ಕೆಲಸ ಸೇನೆಗೆ ಇತ್ತು. ‘ಸಿಡಿಯದ ಶೆಲ್ ಠುಸ್ ಆಯ್ತು, ಇನ್ನೇನೂ ಆಗಲ್ಲ’ ಎನ್ನುವ ಫಾರ್ವರ್ಡ್ ಕೂಡ ಓಡಾಡುತ್ತದೆ. ತಪ್ಪು. ಮದ್ದು ಹಾಗೇ ಇರುತ್ತದೆ, ಸಿಡಿಸುವ ಮೊಳೆ ಅರ್ಧ ದಾರಿಯಲ್ಲಿ ನಿಂತಿರಬಹುದು. ಹೊಲದಲ್ಲೋ ಗುಜರಿಯಲ್ಲೋ ರೆಕ್ಕೆಯಿರುವ ಲೋಹದ ತುಂಡು ಸಿಕ್ಕರೆ ಮುಟ್ಟಬೇಡಿ, ಹತ್ತಿರ ಹೋಗಿ ಫೋಟೊ ತೆಗೆಯಬೇಡಿ, ದೂರ ಸರಿದು 112ಕ್ಕೆ ಕರೆ ಮಾಡಿ.

ನಕಲಿ ವಿಡಿಯೊ ಹಿಡಿಯಲು ಒಂದು ಕಿವಿಯ ಪರೀಕ್ಷೆ

ಅದೇ ಮೇ ತಿಂಗಳಲ್ಲಿ ‘ಅರ್ಮಾ 3’ ಎಂಬ ವಿಡಿಯೊ ಗೇಮಿನ ತುಣುಕುಗಳು ಯುದ್ಧದ ದೃಶ್ಯಗಳೆಂದು ಎರಡೂ ಕಡೆ ಓಡಾಡಿದವು. ಉಕ್ರೇನ್ ಯುದ್ಧದಲ್ಲೂ ಹೀಗೇ ಆಗಿ, ಗೇಮ್ ಮಾಡಿದ ಚೆಕ್ ದೇಶದ ಬೊಹೆಮಿಯಾ ಇಂಟರಾಕ್ಟಿವ್ ಕಂಪನಿಯೇ 2022ರ ನವೆಂಬರಿನಲ್ಲಿ ‘ಇದು ನಮ್ಮ ಗೇಮು, ನಂಬಬೇಡಿ’ ಎಂಬ ಅರ್ಥದ ಹೇಳಿಕೆ ಕೊಡಬೇಕಾಯಿತು.

ಬೆಳಕು ಕಣ್ಣಿಗೆ ತಕ್ಷಣ ಬರುತ್ತದೆ. ಶಬ್ದ ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡು ತೆಗೆದುಕೊಳ್ಳುತ್ತದೆ. ಸಿಡಿಲು ಎಷ್ಟು ದೂರ ಬಿತ್ತು ಅಂತ ಎಣಿಸುತ್ತೇವಲ್ಲ, ಅದೇ ಲೆಕ್ಕ. ವಿಡಿಯೊದಲ್ಲಿ ಶೆಲ್ ದೂರದ ಗುಡ್ಡದ ಮೇಲೆ ಸಿಡಿದ ಬೆಂಕಿ ಕಂಡ ಕ್ಷಣವೇ ಢಂ ಅಂದರೆ ಅನುಮಾನಿಸಿ, ಸದ್ದನ್ನು ಆಮೇಲೆ ಅಂಟಿಸಿರಬಹುದು. ವಾಹನ ಹಾರಿಸಿದ ಶೆಲ್ ಎರಡೇ ಸೆಕೆಂಡಿನಲ್ಲಿ ಆಚೆ ಗುಡ್ಡದಲ್ಲಿ ಸಿಡಿದರೆ ಇನ್ನೂ ಅನುಮಾನಿಸಿ. ಮೇಲಿನ ಲೆಕ್ಕ ನೆನಪಿದೆಯಲ್ಲ, ಮಾರ್ಟರ್ ಶೆಲ್ ಅಷ್ಟು ದೂರ ಬೀಳಲು ಹತ್ತಿಪ್ಪತ್ತು ಸೆಕೆಂಡಾದರೂ ಬೇಕು, ನಡುವೆ ಎಲ್ಲೋ ಕತ್ತರಿ ಬಿದ್ದಿದೆ. ಕೊನೆಗೆ ನೆಲ ನೋಡಿ. ಹಾರಿಸಿದಾಗ ನಿಜವಾದ ವಾಹನ ಕುಗ್ಗಿ ಏಳುತ್ತದೆ, ಸುತ್ತ ಮಣ್ಣು ಏಳುತ್ತದೆ, ಪಕ್ಕದಲ್ಲಿದ್ದ ಸೈನಿಕರು ಕಿವಿ ಮುಚ್ಚಿಕೊಳ್ಳುತ್ತಾರೆ. ಗೇಮಿನ ಸೈನಿಕ ಕಿವಿ ಮುಚ್ಚಿಕೊಂಡದ್ದನ್ನು ನಾವಿನ್ನೂ ನೋಡಿಲ್ಲ.